ರಾಯಚೂರಿನ ಹಾಸ್ಟೆಲ್‌ನಲ್ಲಿ ಮುಟ್ಟಿನ ಕಪ್: ಬಿಸಿಲು, ಗಡಸು ನೀರು ಮತ್ತು ಕುದಿಸುವ ಫಜೀತಿ

ಮುಟ್ಟಿನ ಕಪ್‌ಗೆ ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಕಡಿತ ಹಾಸ್ಟೆಲ್‌ನ ನೀರು, ಕುದಿಸುವ ಫಜೀತಿಯ ಲೆಕ್ಕಕ್ಕೆ.

ಯೋನಿಯೊಳಗೆ ಇಟ್ಟು ಮುಟ್ಟಿನ ರಕ್ತ ಹಿಡಿಯುವ, ತೊಳೆದು ಮತ್ತೆ ಮತ್ತೆ ಬಳಸುವ ಪುಟ್ಟ ಬಟ್ಟಲಿದು. ಮೆಡಿಕಲ್ ಗ್ರೇಡ್ ಸಿಲಿಕೋನ್ (ರಬ್ಬರಿನಂಥ ಮೆತ್ತನೆ ವಸ್ತು), ಸಣ್ಣ ಅಳತೆ, ಸುಮಾರು 20 ಮಿ.ಲೀ. ಹಿಡಿಯುತ್ತದೆ, ಬೆಲೆ 300 ರೂಪಾಯಿ ಆಸುಪಾಸು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಈ ಊರಲ್ಲಿ ಪ್ಯಾಡ್‌ನ ಪ್ಲಾಸ್ಟಿಕ್ ಪದರ ಬೆವರು ಹಿಡಿದಿಟ್ಟು ತೊಡೆಸಂದು ಕೆಂಪಗಾಗಿ ಉರಿಯುತ್ತದೆ. ಕಪ್‌ನಲ್ಲಿ ಆ ಕಾಟವಿಲ್ಲ. ಮಾನ್ವಿ, ಸಿಂಧನೂರಿನಿಂದ ಬಸ್ಸಿಗೆ ಬಂದು ಹೋಗುವವರಿಗೆ ಲಾಭ ಇನ್ನೂ ಹೆಚ್ಚು: ಪ್ಯಾಡ್ 4ರಿಂದ 6 ಗಂಟೆಗೊಮ್ಮೆ ಬದಲಿಸಬೇಕು, ಕಪ್ ಅನ್ನು 8 ಗಂಟೆ ನಿಶ್ಚಿಂತೆಯಿಂದ ಬಿಡಬಹುದು, 12 ಗಂಟೆ ಮೀರಬಾರದು.

ದುಡ್ಡಿನ ಲೆಕ್ಕ ಜಾಹೀರಾತಿನಷ್ಟು ಸರಳವಲ್ಲ. ತಿಂಗಳಿಗೆ 15 ಪ್ಯಾಡ್, ಒಂದಕ್ಕೆ 6 ರೂಪಾಯಿ ಎಂದರೆ ನಾಲ್ಕೇ ತಿಂಗಳಲ್ಲಿ ಕಪ್‌ನ ಬೆಲೆ ಹುಟ್ಟುತ್ತದೆ. ಜನೌಷಧಿ ಅಂಗಡಿಯ ಒಂದು ರೂಪಾಯಿಯ ಪ್ಯಾಡ್ ಬಳಸುವವರಿಗೆ 20 ತಿಂಗಳು ಬೇಕು. ಉಳಿತಾಯಕ್ಕೆಂದೇ ಕೊಳ್ಳುವವರು ಇದನ್ನು ನೋಡಿಕೊಳ್ಳಿ.

ಇಲ್ಲಿ ನಿಜವಾದ ತೊಡಕು ನೀರು. ಬೋರ್‌ವೆಲ್ ನೀರಲ್ಲಿ ಕುದಿಸಿದರೆ ಕಪ್ ಮೇಲೆ ಸುಣ್ಣದ ಬಿಳಿ ಪೊರೆ ಕೂರುತ್ತದೆ, ಅಂಚು ಒರಟಾಗುತ್ತದೆ. ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಬಳಸಿ, ಅರ್ಧ ಲೀಟರ್ ಸಾಕು. ಮುಟ್ಟಿಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ, ಕುದಿ ಬಂದ ನಂತರ 5 ನಿಮಿಷ. ಎಲೆಕ್ಟ್ರಿಕ್ ಕೆಟಲ್ ಕುದಿ ಬಂದ ಕೂಡಲೇ ಆಫ್ ಆಗುವುದರಿಂದ ಆ 5 ನಿಮಿಷ ಸಿಗುವುದಿಲ್ಲ. ಇಂಡಕ್ಷನ್ ಒಲೆ, ಇದಕ್ಕೇ ಮೀಸಲಾದ ಸ್ಟೀಲ್ ಡಬರಿ ವಾಸಿ. ಕಪ್ ಡಬರಿಯ ತಳಕ್ಕೆ ತಾಗಿದರೆ ಆ ಜಾಗ ಸುಟ್ಟುಹೋಗಬಹುದು, ಆದ್ದರಿಂದ ಸ್ಟೀಲ್ ಚಹಾ ಸೋಸುಕದಲ್ಲಿಟ್ಟು ಮುಳುಗಿಸಿ. ಮೆಸ್‌ನ ಒಲೆ ಕೇಳಲು ಸಂಕೋಚಪಡುವವರೇ ಜಾಸ್ತಿ, ಕೊನೆಗೆ ಕುದಿಸದೆ ಬಳಸುತ್ತಾರೆ. ಅಂಥ ಸ್ಥಿತಿ ಇದ್ದರೆ ಪ್ಯಾಡೇ ಒಳ್ಳೆಯದು.

ಹಾಕುವಾಗ ಅಂಚಿನ ಒಂದು ಬದಿಯನ್ನು ತೋರುಬೆರಳಿನಿಂದ ಒಳಕ್ಕೆ ಒತ್ತಿ ಮೊಗ್ಗಿನ ಹಾಗೆ ಮಡಿಸಿ. ತುದಿ ಕಿರಿದಾಗುವುದರಿಂದ ಹೊಸಬರಿಗೆ ಇದು ಸುಲಭ. ಕುಕ್ಕರುಗಾಲಲ್ಲಿ ಕೂತು, ನೇರ ಮೇಲಕ್ಕಲ್ಲ, ಬೆನ್ನಿನ ಕಡೆಗೆ ಓರೆಯಾಗಿ ತಳ್ಳಬೇಕು. ಬೆರಳನ್ನು ತಳದ ಸುತ್ತ ಆಡಿಸಿ ನೋಡಿ. ಎಲ್ಲಾದರೂ ಮಡಿಕೆ ತಗುಲಿದರೆ ಕಪ್ ಪೂರ್ತಿ ಅರಳಿಲ್ಲ, ಸೋರುವುದು ಖಂಡಿತ. ಸೋರಿಕೆಗೆ ಇನ್ನೊಂದು ಕಾರಣ ಯಾರ ಗಮನಕ್ಕೂ ಬರುವುದಿಲ್ಲ: ಅಂಚಿನ ಕೆಳಗಿನ ಸೂಜಿಮೊನೆಯಷ್ಟು ರಂಧ್ರಗಳು ಮುಚ್ಚಿಹೋಗಿರುತ್ತವೆ. ಕಪ್ ತುಂಬ ನೀರು ಹಾಕಿ, ಅಂಗೈಯಿಂದ ಬಾಯಿ ಮುಚ್ಚಿ ಹಿಸುಕಿ. ರಂಧ್ರದಿಂದ ನೀರು ಚಿಮ್ಮಿದರೆ ಸರಿ.

ತೆಗೆಯುವಾಗ ಕಪ್‌ನ ತಳದಲ್ಲಿ ಬಾಲದಂತಿರುವ ತೊಟ್ಟು ಹಿಡಿದು ಎಳೆಯಬೇಡಿ. ತಳವನ್ನು ಚಿವುಟಿ ಗಾಳಿ ಒಳಹೋಗಲು ಬಿಟ್ಟು, ಆ ಕಡೆ ಈ ಕಡೆ ಅಲ್ಲಾಡಿಸಿ ಇಳಿಸಿ. ತೊಟ್ಟು ಚುಚ್ಚುತ್ತಿದ್ದರೆ ಕಪ್ ಹೊರತೆಗೆದು ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಒಳಗೆಲ್ಲೋ ಕಳೆದುಹೋಗುತ್ತದೆ ಎಂಬ ಭಯ ಬೇಡ, ಗರ್ಭಕಂಠದ ದ್ವಾರ ದಾಟಿ ಅದು ಹೋಗಲಾರದು. ಕನ್ಯಾಪೊರೆ ಹಿಗ್ಗಬಹುದು, ಹರಿಯಲೂಬಹುದು. ಆರೋಗ್ಯಕ್ಕೆ ಅದರಿಂದ ತೊಂದರೆಯಿಲ್ಲ, ಮನೆಯವರ ಮಾತು ಬೇರೆ ವಿಷಯ.

ಕಾಲೇಜಿನ ಶೌಚಾಲಯದೊಳಗೆ ನಲ್ಲಿ ಇಲ್ಲದಿದ್ದರೆ ಅರ್ಧ ಲೀಟರ್ ಬಾಟಲಿ ಒಯ್ಯಿರಿ, ಖಾಲಿ ಮಾಡಿ ಅಲ್ಲೇ ತೊಳೆದು ಮತ್ತೆ ಹಾಕಿಕೊಳ್ಳಬಹುದು. ಪರಿಮಳದ ಸೋಪು, ಆಂಟಿಸೆಪ್ಟಿಕ್ ದ್ರಾವಣ ಬೇಡ, ಉರಿ ಶುರುವಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ನಾರುತ್ತದೆ, ಹತ್ತಿಚೀಲವೇ ಸರಿ.

ಪ್ಯಾಡ್‌ನಲ್ಲಿ ಸಿಗದ ಒಂದು ಅನುಕೂಲ ಅಳತೆಯ ಗೆರೆಗಳು. ಒಂದು ಮುಟ್ಟಿನಲ್ಲಿ 80 ಮಿ.ಲೀ. ರಕ್ತ ದಾಟಿದರೆ ಅತಿಸ್ರಾವ ಎನ್ನುತ್ತಾರೆ. ಕಪ್‌ನಲ್ಲಿರುವುದೆಲ್ಲ ರಕ್ತವಲ್ಲ, ಆದರೂ ಎರಡೆರಡು ಗಂಟೆಗೆ ತುಂಬುತ್ತಿದ್ದರೆ ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೆ ಹೋಗಿ ಹಿಮೋಗ್ಲೋಬಿನ್ ನೋಡಿಸಿ. ಗರ್ಭ ತಡೆಯಲು ಕಾಪರ್ ಟಿ ಹಾಕಿಸಿಕೊಂಡವರು ವೈದ್ಯರನ್ನು ಕೇಳಿಯೇ ಕಪ್ ಕೊಳ್ಳಬೇಕು, ಕಾಪರ್ ಟಿ ಜಾರಿ ಬರುವ ಸಾಧ್ಯತೆಯಿದೆ. ಕಪ್ ಇರುವಾಗ ದಿಢೀರ್ ಜ್ವರ, ವಾಂತಿ, ಮೈಮೇಲೆ ಕೆಂಪು ದದ್ದು, ತಲೆಸುತ್ತು ಬಂದರೆ ತಕ್ಷಣ ತೆಗೆದು ಆಸ್ಪತ್ರೆಗೆ ಹೋಗಿ. ಹಾಗಾಗುವುದು ತೀರಾ ಅಪರೂಪ, ಆದರೆ ಬೆಳಗಾಗಲಿ ಎಂದು ಕಾಯುವ ಕಾಯಿಲೆಯಲ್ಲ.