ಡೆಬಿಯನ್‌ನ ವಿಎಸ್‌ಎಫ್‌ಟಿಪಿಡಿ ಪ್ಯಾಕೇಜ್: ನಂಬಿ ಹಾಕಿಕೊಳ್ಳಬಹುದು

ಫೈಲ್ ಕಳಿಸಲು ಒಂದು ಸರ್ವರ್ ಬೇಕು, ಜಾಸ್ತಿ ತಲೆನೋವು ಬೇಡ ಅನ್ನುವವರಿಗೆ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನಲ್ಲಿ ಸಿಗುವ ಈ ಎಫ್‌ಟಿಪಿ ಸರ್ವರ್ ಚೆನ್ನಾಗಿದೆ. ಆಪ್ಟ್ (ಡೆಬಿಯನ್‌ನಲ್ಲಿ ಸಾಫ್ಟ್‌ವೇರ್ ಹಾಕುವ ಸಾಧನ) ಬಳಸಿ ಒಂದೇ ಕಮಾಂಡ್, ಸರ್ವರ್ ಶುರು. ಹೆಸರಿಲ್ಲದ ಲಾಗಿನ್ ಮೊದಲೇ ಬಂದ್ ಆಗಿರುತ್ತದೆ, ಅಪ್‌ಲೋಡ್ ಕೂಡ ನಾವೇ ಆನ್ ಮಾಡಬೇಕು. ಇದು ನನಗೆ ತುಂಬಾ ಇಷ್ಟ. 2011ರಲ್ಲಿ ಇದರ ಮೂಲ ತಾಣದಲ್ಲಿದ್ದ 2.3.4 ಆವೃತ್ತಿಗೇ ಯಾರೋ ಕಳ್ಳದಾರಿ ಸೇರಿಸಿದ್ದರು. ಯೂಸರ್‌ನೇಮ್‌ನಲ್ಲಿ ಒಂದು ಸ್ಮೈಲಿ ಹಾಕಿದರೆ ಸಾಕು, 6200ನೇ ಪೋರ್ಟ್‌ನಲ್ಲಿ ರೂಟ್ ಶೆಲ್, ಅಂದರೆ ಇಡೀ ಸರ್ವರ್ ಮೇಲೆ ಪೂರ್ತಿ ಹಿಡಿತ ಕೊಡುವ ಕಮಾಂಡ್ ದಾರಿ, ತೆರೆದುಕೊಳ್ಳುತ್ತಿತ್ತು. ಫೈಲ್ ಅಸಲಿಯೇ ಎಂದು ತೋರಿಸುವ ಡಿಜಿಟಲ್ ಸಹಿ ತಾಳೆ ನೋಡಿದ್ದರೆ ಮೋಸ ಅಲ್ಲೇ ಸಿಕ್ಕಿಬೀಳುತ್ತಿತ್ತು. ಇದನ್ನು ನೋಡಿದರೆ, ಮೂಲ ಫೈಲ್ ತಂದು ನಮಗೆ ಕೊಡುವ ಪ್ಯಾಕೇಜ್ ನೋಡಿಕೊಳ್ಳುವವರ ಕೆಲಸ ಎಷ್ಟು ದೊಡ್ಡದು ಅಲ್ವಾ? ಕೊರತೆ ಒಂದಿದೆ, ಟಿಎಲ್‌ಎಸ್ (ಮಾಹಿತಿಯನ್ನು ಗುಟ್ಟಾಗಿ ಕಳಿಸುವ ವ್ಯವಸ್ಥೆ) ತಾನಾಗಿ ಆನ್ ಆಗಿರುವುದಿಲ್ಲ. ಸುಮ್ನೆ ಹಾಗೇ ಬಿಟ್ಟರೆ ಪಾಸ್‌ವರ್ಡ್ ಯಾರು ಬೇಕಾದರೂ ಓದುವ ಹಾಗೆ ಹೋಗುತ್ತದೆ, ಹಾಗಾಗಿ ಕಾನ್ಫಿಗ್ ಫೈಲ್‌ನಲ್ಲಿ ಎಸ್‌ಎಸ್‌ಎಲ್ (ಟಿಎಲ್‌ಎಸ್‌ನ ಹಳೆಯ ಹೆಸರು) ಸಾಲನ್ನು ಮೊದಲ ದಿನವೇ ಬದಲಿಸಿ.