ಇಬ್ಬರಿಗೆ ಭಾನುವಾರದ ಬ್ರಂಚ್: ರೆಟ್ರೊ ಡೈನರ್ರೋ, ಹಳೇ ಕಾಫಿ ಹೌಸೋ?

ಭಾನುವಾರ ಹತ್ತು ಗಂಟೆ ದಾಟಿದ ಮೇಲೆ ಇಬ್ಬರೇ ಹೋಗಿ, ತಿಂಡಿ ಊಟ ಎರಡನ್ನೂ ಒಂದೇ ಸಲಕ್ಕೆ ಮುಗಿಸಿಕೊಂಡು ಬರಬೇಕೆಂದರೆ ನಮ್ಮ ಓಟು ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸಿಗೆ. ಕೆಂಪು ರೆಕ್ಸಿನ್ ಸೀಟು, ಚದುರಂಗದ ನೆಲ, ಮೂಲೆಯಲ್ಲೊಂದು ಜೂಕ್‌ಬಾಕ್ಸ್ (ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆ) ಇಟ್ಟುಕೊಂಡ ರೆಟ್ರೊ ಡೈನರುಗಳು ಬೆಂಗಳೂರಿನಲ್ಲಿ ಬಂದುಹೋಗುತ್ತಲೇ ಇವೆ. ಅಂಥದ್ದೊಂದರಲ್ಲಿ ತಿಂದು, ಅದರ ಪಕ್ಕದಲ್ಲಿ ಕಾಫಿ ಹೌಸ್, ಕೋಶೀಸ್, ವಿದ್ಯಾರ್ಥಿ ಭವನಗಳನ್ನಿಟ್ಟು ನೋಡಿದ ಲೆಕ್ಕ ಇದು. ಡೈನರಿನ ಹೆಸರು ಬೇಡ. ಇಲ್ಲಿ ಹೇಳುವ ತೊಂದರೆ ಒಂದು ಹೋಟೆಲಿನದಲ್ಲ, ಆ ಬಗೆಯ ಅಡುಗೆಮನೆಯದು.

ಅಲಂಕಾರದ ಬಗ್ಗೆ ಹೇಳುವುದೇನೂ ಇಲ್ಲ, ಫೋಟೋದಲ್ಲಿ ಕಂಡಷ್ಟೇ. ಜೂಕ್‌ಬಾಕ್ಸ್ ಬಹುತೇಕ ಕಡೆ ಬರೀ ಶೋಪೀಸು. ಹಾಡು ಬರುವುದು ಚಾವಣಿಯ ಸ್ಪೀಕರಿನಿಂದ. ಅದರ ಕೆಳಗಿನ ಬೂತಿನಲ್ಲಿ, ಅಂದರೆ ಎದುರುಬದುರು ಸೀಟಿನ ಗೂಡಿನಲ್ಲಿ, ಕೂತರೆ ಇಬ್ಬರೂ ಕೂಗಾಡಿಕೊಂಡೇ ಮಾತಾಡಬೇಕು. ಏಸಿ ಗಾಳಿ ನೇರವಾಗಿ ಬೀಳುವ ಜಾಗವೂ ಬೇಡ, ಯಾಕೆಂದು ಮುಂದೆ ಗೊತ್ತಾಗುತ್ತದೆ.

ಮುಖ್ಯ ತಕರಾರು ಪ್ಯಾನ್‌ಕೇಕಿನದು. ಡೈನರಿಗೆ ಹೋಗುವವರಲ್ಲಿ ಮುಕ್ಕಾಲು ಜನ ತರಿಸುವುದು ದೊಡ್ಡ ಪ್ಲ್ಯಾಟರ್: ಮೂರು ಪ್ಯಾನ್‌ಕೇಕು, ಎರಡು ಮೊಟ್ಟೆ, ಹ್ಯಾಶ್ ಬ್ರೌನು (ಆಲೂಗಡ್ಡೆ ತುರಿದು ಗರಿಗರಿ ಬೇಯಿಸಿದ್ದು), ಸಾಸೇಜು ಇಲ್ಲವೇ ಅಣಬೆ, ಟೋಸ್ಟು, ಸುಟ್ಟ ಟೊಮ್ಯಾಟೊ. ಓದುವಾಗ ಭರ್ಜರಿ. ಟೇಬಲ್ಲಿಗೆ ಬರುವಷ್ಟರಲ್ಲಿ ಮೊಟ್ಟೆ ಬಿಸಿಯಿದ್ದರೆ ಪ್ಯಾನ್‌ಕೇಕು ತಣ್ಣಗೆ, ಪ್ಯಾನ್‌ಕೇಕು ಬಿಸಿಯಿದ್ದರೆ ಹಳದಿಯ ಮೇಲೆ ಆಗಲೇ ಒಣ ಪೊರೆ.

ಕಾರಣ ಸರಳ. ಚಿಕ್ಕ ಡೈನರಿನಲ್ಲಿ ಇರುವುದು ಒಂದೇ ಕಬ್ಬಿಣದ ಕಾವಲಿ. ಪ್ಯಾನ್‌ಕೇಕಿಗೆ ಸುಮಾರು 190 ಡಿಗ್ರಿ ಕಾವು ಬೇಕು. ಬುಲ್ಸ್ ಐ ಅಂಚು ಸುಡದೆ ಮೆತ್ತಗೆ ಬೇಯಬೇಕಾದರೆ 140–150 ಸಾಕು. ಹ್ಯಾಶ್ ಬ್ರೌನಿಗೆ ಒಂದೊಂದು ಮಗ್ಗುಲಿಗೂ ನಾಲ್ಕೈದು ನಿಮಿಷ ಅಲ್ಲಾಡಿಸದೆ ಬಿಡಬೇಕು, ಪ್ಯಾನ್‌ಕೇಕು ನಾಲ್ಕು ನಿಮಿಷದೊಳಗೆ ಮುಗಿಯುತ್ತದೆ, ಮೊಟ್ಟೆಗೆ ಮೂರು ನಿಮಿಷವೂ ಬೇಡ. ಪಳಗಿದ ಕೈಯಾದರೆ ಕಾವಲಿಯ ಒಂದು ಕಡೆ ಉರಿ ಹೆಚ್ಚು, ಇನ್ನೊಂದು ಕಡೆ ಕಮ್ಮಿ ಇಟ್ಟುಕೊಂಡು, ಆಲೂಗಡ್ಡೆಯನ್ನು ಮೊದಲು ಹಾಕಿ ಮೊಟ್ಟೆಯನ್ನು ಕೊನೆಗೆ ಒಡೆಯುತ್ತಾರೆ. ಭಾನುವಾರ ಹನ್ನೊಂದು ಗಂಟೆಗೆ ಇಪ್ಪತ್ತು ಆರ್ಡರ್ ಸಾಲುಗಟ್ಟಿದಾಗ ಈ ಶಿಸ್ತು ಉಳಿಯುವುದಿಲ್ಲ. ಯಾವುದು ಆಯಿತೋ ಅದು ಪ್ಲೇಟಿಗೆ ಹೋಗಿ, ಉಳಿದದ್ದು ಬರುವವರೆಗೆ ಹೀಟ್ ಲ್ಯಾಂಪಿನ ಕೆಳಗೆ ಕಾಯುತ್ತದೆ. ಮೊಟ್ಟೆಯ ಮೇಲೆ ಪೊರೆ ಕಟ್ಟುವುದು ಅಲ್ಲಿಯೇ. ಟೋಸ್ಟು ಮೊಟ್ಟೆಯಡಿಯ ಹಬೆಗೆ ಮೆತ್ತಗಾಗುವುದೂ ಅಲ್ಲಿಯೇ.

ದೋಸೆ ಭಟ್ಟರ ಕಷ್ಟವೂ ಇದೇ ಜಾತಿಯದು, ಆದರೆ ಅವರ ಬಳಿ ಉಪಾಯವಿದೆ. ಒಂದು ಸಾಲು ದೋಸೆ ಎತ್ತಿದ ಕೂಡಲೇ ಕಾವಲಿಗೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಲ್ಲಿ ಗುಡಿಸಿ, ಕಾವು ಇಳಿಸಿ, ಆಮೇಲೆ ಮುಂದಿನ ಸಾಲು ಹುಯ್ಯುತ್ತಾರೆ. ಕಾವಲಿ ತುಂಬ ದೋಸೆಯೇ ಇರುವುದರಿಂದ ಇದು ನಡೆಯುತ್ತದೆ. ಮಗ್ಗುಲಲ್ಲಿ ಮೊಟ್ಟೆ, ಸಾಸೇಜು ಬೇಯುತ್ತಿರುವಾಗ ನೀರು ಚಿಮುಕಿಸುವಂತಿಲ್ಲ. ಹಾಗಾಗಿ ಮಧ್ಯಾಹ್ನ ಆಗುತ್ತ ಆಗುತ್ತ ಪ್ಯಾನ್‌ಕೇಕಿನ ಹೊರಗೆ ಕಪ್ಪು, ಒಳಗೆ ಹಸಿ ಹಿಟ್ಟು.

ಇನ್ನು ಹಿಟ್ಟಿನ ವಿಷಯ. ಸೋಡ ಮತ್ತು ಮಜ್ಜಿಗೆ ಸೇರಿದ ಕ್ಷಣದಿಂದಲೇ ಗ್ಯಾಸು ಬಿಡಲು ಶುರು. ಬೇಕಿಂಗ್ ಪೌಡರಿನಲ್ಲಿ ಒಂದಷ್ಟು ಗ್ಯಾಸು ಒದ್ದೆಯಾದಾಗ ಹೋಗಿ, ಮಿಕ್ಕಿದ್ದು ಕಾವಿಗೆ ಸಿಕ್ಕಾಗ ಹೊರಡುತ್ತದೆ. ಬೆಳಿಗ್ಗೆ ಎಂಟಕ್ಕೆ ಕಲಸಿಟ್ಟ ಬಕೆಟ್ ಹಿಟ್ಟಿನಲ್ಲಿ ಹನ್ನೊಂದೂವರೆಗೆ ಮೊದಲ ಪಾಲು ಪೂರ್ತಿ ಖಾಲಿ. ಸೌಟು ಹಾಕಿದಾಗಲೆಲ್ಲ ತಿರುಗಿಸುತ್ತಿದ್ದರೆ ಮೈದಾ ಜಿಗಿ ಬಂದು ಪ್ಯಾನ್‌ಕೇಕು ರಬ್ಬರಿನಂತೆ ಎಳೆಯುತ್ತದೆ. ತಾಜಾ ಹಿಟ್ಟಿನದು ಬೆರಳಿನಷ್ಟು ದಪ್ಪ ನಿಂತು, ಫೋರ್ಕಿನಿಂದ ಒತ್ತಿದರೆ ವಾಪಸ್ ಏಳುತ್ತದೆ. ಹಳೆಯದು ಒತ್ತಿದಲ್ಲೇ ಕೂರುತ್ತದೆ. ಪಕ್ಕದ ಟೇಬಲ್ಲಿನವರ ಪ್ಲೇಟನ್ನು ಸ್ವಲ್ಪ ನಾಚಿಕೆ ಬಿಟ್ಟು ಒಮ್ಮೆ ನೋಡಿಕೊಂಡರೆ ಆರ್ಡರ್ ಮಾಡುವ ಮೊದಲೇ ಗೊತ್ತಾಗುತ್ತದೆ.

ಪ್ಯಾನ್‌ಕೇಕಿನ ಮೇಲೆ ಸುರಿಯುವ ಸಿರಪ್ಪಿನದೂ ಒಂದು ಕಿರಿಕಿರಿ. ಮೆನುವಿನಲ್ಲಿ ‘ಮೇಪಲ್’ ಎಂದಿರುತ್ತದೆ, ಬರುವುದು ಮೇಪಲ್ ವಾಸನೆ ಬೆರೆಸಿದ ಸಕ್ಕರೆ ಪಾಕ. ಮೇಪಲ್ ಮರದ ರಸದಿಂದ ಮಾಡಿದ ನಿಜವಾದದ್ದು ದುಬಾರಿ, ತೆಳ್ಳಗೆ ಹರಿಯುತ್ತದೆ. ಪಾಕವಾದರೆ ಗಟ್ಟಿಯಾಗಿ ಮೇಲೇ ನಿಲ್ಲುತ್ತದೆ. ಯಾವುದೇ ಆಗಲಿ, ಫ್ರಿಜ್ಜಿನಿಂದ ನೇರ ತಂದು ಸುರಿದರೆ ಇದ್ದ ಬಿಸಿಯೂ ಹೋಯಿತು. ಮೇಲಿನಿಂದ ಏಸಿ ಗಾಳಿ ಬೇರೆ. ಬಿಸಿನೀರಿನ ಬಟ್ಟಲಲ್ಲಿ ಎರಡು ನಿಮಿಷ ಇಟ್ಟು ಕೊಡಿ ಎಂದರೆ ಯಾರೂ ಇಲ್ಲ ಅನ್ನುವುದಿಲ್ಲ.

ಡೈನರಿನಲ್ಲಿ ಒಂದೇ ಒಂದು ವಸ್ತು ಕಾಫಿ ಹೌಸನ್ನು ಮೀರಿಸುತ್ತದೆ: ಮಿಲ್ಕ್‌ಶೇಕ್. ಅದೂ ಕಡ್ಡಿ ಮೇಲಿನಿಂದ ಇಳಿದು ಸ್ಟೀಲ್ ಲೋಟದಲ್ಲೇ ತಿರುಗುವ ಮಿಕ್ಸರ್ ಇದ್ದರೆ ಮಾತ್ರ. ಮೂರು ಸ್ಕೂಪ್ ಐಸ್‌ಕ್ರೀಮಿಗೆ ಅರ್ಧ ಲೋಟ ಹಾಲು ಹಾಕಿದರೆ ಸ್ಟ್ರಾ ನಿಲ್ಲುವಷ್ಟು ಮಂದ ಬರುತ್ತದೆ. ಬ್ಲೇಡಿನ ಮಿಕ್ಸಿಯಲ್ಲಿ ತಿರುಗಿಸಿದ್ದು ಬೇಗ ಕರಗಿ ಜೂಸಿನಂತಾಗುತ್ತದೆ. ಹಳೇ ಪದ್ಧತಿಯಲ್ಲಿ ಗಾಜಿನ ಲೋಟದ ಜೊತೆಗೆ ಉಳಿದ ಶೇಕನ್ನು ಸ್ಟೀಲ್ ಲೋಟದ ಸಮೇತ ಟೇಬಲ್ಲಿಗೆ ತಂದಿಡಬೇಕು, ಅದರಲ್ಲಿ ಹತ್ತಿರ ಹತ್ತಿರ ಇನ್ನೊಂದು ಲೋಟ ಇರುತ್ತದೆ. ಕೇಳಿ ತರಿಸಿಕೊಂಡರೆ ಇಬ್ಬರಿಗೆ ಒಂದೇ ಶೇಕ್ ಸಾಕು.

ಕಾಫಿ? ಕೇಳಲೇ ಬೇಡಿ. ಡ್ರಿಪ್ ಯಂತ್ರದ ಗಾಜಿನ ಜಗ್ಗು ಬಿಸಿ ತಟ್ಟೆಯ ಮೇಲೆ ಅರ್ಧ ಗಂಟೆ ಕೂತಿತೆಂದರೆ ಬರೀ ಕಹಿ. ಎಷ್ಟು ಸಲ ಬೇಕಾದರೂ ತುಂಬಿಸಿ ಕೊಡುತ್ತಾರೆ ಎನ್ನುವುದು ಅದಕ್ಕೆ ಸಮಾಧಾನವಲ್ಲ.

ಬಿಲ್ಲನ್ನು ಓದಿಯೇ ದುಡ್ಡು ಕೊಡಿ. ಇಬ್ಬರ ತಿಂಡಿ ₹1,600 ಆಯಿತು ಅಂದುಕೊಳ್ಳಿ. 5% ಜಿಎಸ್‌ಟಿ ಸೇರಿ ₹1,680 ಆಗಬೇಕು. ಶೇಕಡ ಹತ್ತು ಸರ್ವಿಸ್ ಚಾರ್ಜ್ ಸೇರಿಸಿದರೆ ಅದರ ಮೇಲೂ ತೆರಿಗೆ ಬಿದ್ದು ₹1,848. ಸರ್ವಿಸ್ ಚಾರ್ಜನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿದಿದೆ. ತೆಗೆದುಬಿಡಿ ಎಂದು ಮೆತ್ತಗೆ ಹೇಳಿದರೆ ಸಾಮಾನ್ಯವಾಗಿ ತೆಗೆಯುತ್ತಾರೆ; ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಬಡಿಸಿದವರ ಕೈಗೆ ಬೇಕಾದರೆ ನೂರು ರೂಪಾಯಿ ಬೇರೆ ಕೊಡಿ, ಅದು ಅವರಿಗಾದರೂ ಸೇರುತ್ತದೆ.

ಈಗ ಕಾಫಿ ಹೌಸ್. ಇಲ್ಲಿ ‘ರೆಟ್ರೊ’ ಮಾಡಿದ್ದಲ್ಲ, ಉಳಿದದ್ದು. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡವರು 1957ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು ತಾವೇ ನಡೆಸತೊಡಗಿದರು. ಎಂ.ಜಿ. ರಸ್ತೆಯಲ್ಲಿದ್ದದ್ದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂತು. ಬಿಳಿ ಸಮವಸ್ತ್ರ, ಪೇಟ, ಸೊಂಟಕ್ಕೆ ಅಗಲ ಪಟ್ಟಿ ಎಲ್ಲ ಹಾಗೆಯೇ ಇದೆ. ಡೈನರಿನ ಹುಡುಗರ ಕಾಗದದ ಟೋಪಿ ನೋಡಿ ಇಲ್ಲಿಗೆ ಬಂದರೆ ವ್ಯತ್ಯಾಸ ಯಾವುದೆಂದು ಹೇಳಬೇಕಾಗಿಲ್ಲ.

ತಿಂಡಿ ಗೆಲ್ಲುವುದಕ್ಕೆ ಕಾರಣ ಮೆನುವೇ. ಟೋಸ್ಟಿನ ಮೇಲೆ ಸ್ಕ್ರಾಂಬಲ್ಡ್ ಎಗ್, ಆಮ್ಲೆಟ್, ಕಟ್ಲೆಟ್, ಮಸಾಲೆ ದೋಸೆ, ಎಲ್ಲವೂ ಬೇರೆ ಬೇರೆ ಪ್ಲೇಟು. ಯಾವುದೂ ಇನ್ನೊಂದಕ್ಕಾಗಿ ಕಾಯುತ್ತ ತಣಿಯುವುದಿಲ್ಲ. ಇಬ್ಬರಿಗೆ ಹೀಗೆ ಹೇಳಿ: ಮೊದಲು ಒಂದು ಸ್ಕ್ರಾಂಬಲ್ಡ್ ಎಗ್, ಒಂದು ದೋಸೆ, ಅದು ಅರ್ಧ ಮುಗಿದಾಗ ಕಟ್ಲೆಟ್. ಕಾಫಿಯನ್ನು ತಿಂಡಿಯ ಜೊತೆಗೇ ತರಿಸಬೇಡಿ. ಲೋಟ ಚಿಕ್ಕದು, ಮಾತಿನಲ್ಲಿ ಮರೆತರೆ ತಣ್ಣಗಾಗುತ್ತದೆ. ಕೊನೆಗೊಂದು, ಏಳುವ ಮುಂಚೆ ಇನ್ನೊಂದು. ಸ್ಕ್ರಾಂಬಲ್ಡ್ ಎಗ್ ಬಂದ ಕೂಡಲೇ ತಿನ್ನಿ, ಐದು ನಿಮಿಷ ಬಿಟ್ಟರೆ ಮೊಟ್ಟೆ ನೀರು ಬಿಟ್ಟು ಬ್ರೆಡ್ಡು ನೆನೆಯುತ್ತದೆ. ಎರಡು ಸುತ್ತು ಕಾಫಿ ಸೇರಿಯೂ ಡೈನರ್ ಬಿಲ್ಲಿನ ಮೂರನೇ ಒಂದು ಭಾಗ ಮುಟ್ಟುವುದು ಕಷ್ಟ. ಮೆತ್ತನೆಯ ಸೀಟಿಲ್ಲ, ಬಾಗಿಲು ತೆರೆದರೆ ಬೀದಿಯ ಸದ್ದು ಒಳಗೇ. ಎರಡು ಗಂಟೆ ಬೆನ್ನು ಚಾಚಿ ಕೂರುವ ಆಸೆಯಿದ್ದವರಿಗೆ ಇದು ಆಗಿಬರುವುದಿಲ್ಲ.

ಅಂಥವರಿಗೆ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್. 1940ರಲ್ಲಿ ಬೇಕರಿಯಾಗಿ ಶುರುವಾದದ್ದು. ಅಲ್ಲಿ ಯಾರೂ ಏಳಿ ಅನ್ನುವುದಿಲ್ಲ, ಪೇಪರ್ ಓದುತ್ತ ಕೂತವರೇ ಹೆಚ್ಚು. ಭಾನುವಾರದ ಅಪ್ಪಂ–ಸ್ಟ್ಯೂ ತಿನ್ನಬೇಕಾದದ್ದೇ. ಅಂಚು ಗರಿಗರಿ ಇರುವಾಗ ಅದನ್ನು ಮೊದಲು ಮುರಿದುಕೊಂಡು, ಮೆತ್ತನೆಯ ನಡುಭಾಗಕ್ಕೆ ಸ್ಟ್ಯೂ ಹಾಕಿಕೊಳ್ಳಿ. ಮಾಂಸಾಹಾರಿಗಳಾದರೆ ನಮ್ಮ ಮೊದಲ ಸ್ಥಾನವನ್ನು ಇದಕ್ಕೇ ಕೊಡಬಹುದು. ನಮ್ಮದು ಮೊಟ್ಟೆಯವರೆಗೆ ಮಾತ್ರ, ಹಾಗಾಗಿ ಎರಡನೆಯದು.

ವಿದ್ಯಾರ್ಥಿ ಭವನವನ್ನು ಈ ಸಾಲಿಗೆ ಸೇರಿಸಿದ್ದು ಹಳೆಯದೆಂಬ ಕಾರಣಕ್ಕೆ: 1943ರಿಂದ ಗಾಂಧಿ ಬಜಾರಿನಲ್ಲಿದೆ. ಬ್ರಂಚಿಗೆ ಮಾತ್ರ ಹೊಂದುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಗಿಲು ಹಾಕುತ್ತಾರೆ, ಶುಕ್ರವಾರ ರಜ, ಭಾನುವಾರ ಹೆಸರು ಬರೆಸಿ ಹೊರಗೆ ನಿಲ್ಲಬೇಕು, ಟೇಬಲ್ಲನ್ನು ಬೇರೆಯವರ ಜೊತೆ ಹಂಚಿಕೊಳ್ಳಬೇಕು. ಮೊಣಕೈವರೆಗೆ ದೋಸೆ ಪ್ಲೇಟು ಜೋಡಿಸಿಕೊಂಡು ಬರುವುದನ್ನು ನೋಡಬೇಕೆಂದರೆ ವಾರದ ನಡುವೆ ಬೆಳಿಗ್ಗೆ ಏಳಕ್ಕೇ ಹೋಗಿ.

ಇಷ್ಟಾದರೂ ಬೂತಿನಲ್ಲಿ ಎದುರುಬದುರು ಕೂತು ಫೋಟೋ ತೆಗೆಸಿಕೊಳ್ಳಲೇಬೇಕು, ಮದುವೆಯ ವಾರ್ಷಿಕೋತ್ಸವವೋ ಹುಟ್ಟುಹಬ್ಬವೋ ಇದೆ ಅನ್ನುವುದಾದರೆ ಡೈನರಿಗೆ ಒಂಬತ್ತೂವರೆಯೊಳಗೆ ಹೋಗಿ. ಆಗ ಹಿಟ್ಟು ಹೊಸದು, ಕಾವಲಿ ಶುಚಿ, ಭಟ್ಟರಿಗೆ ಪುರಸೊತ್ತು. ಪ್ಲ್ಯಾಟರ್ ಬೇಡ. ಪ್ಯಾನ್‌ಕೇಕು ಒಂದು ಪ್ಲೇಟು ಮೊದಲು, ಅದನ್ನು ಇಬ್ಬರೂ ಮುಗಿಸಿದ ಮೇಲೆ ಮೊಟ್ಟೆ ಮತ್ತು ಹ್ಯಾಶ್ ಬ್ರೌನು, ಕೊನೆಗೆ ಒಂದು ಶೇಕ್ ಸ್ಟೀಲ್ ಲೋಟದ ಸಮೇತ. ಹ್ಯಾಶ್ ಬ್ರೌನು ತುರಿದು ಮಾಡಿದ್ದೋ, ಪ್ಯಾಕೆಟ್ಟಿನದನ್ನು ಕರಿದದ್ದೋ ಎಂದು ಕೇಳಿಕೊಳ್ಳಿ. ಅಂಚು ಒಂದೇ ಅಳತೆಯಲ್ಲಿ ಗುಂಡಗೋ ತ್ರಿಕೋನವಾಗೋ ಇದ್ದರೆ ಪ್ಯಾಕೆಟ್ಟಿನದೇ, ಆ ದುಡ್ಡಿಗೆ ಇನ್ನೆರಡು ಮೊಟ್ಟೆ ಹೇಳಬಹುದು. ಕಾಫಿಯನ್ನು ಅಲ್ಲಿ ಬಿಟ್ಟು ಎದ್ದು ಬನ್ನಿ. ಎಂ.ಜಿ. ರಸ್ತೆ ಮೆಟ್ರೊದಲ್ಲಿ ಇಳಿದರೆ ಚರ್ಚ್ ಸ್ಟ್ರೀಟು ನಡೆಯುವ ದೂರವೇ.