ಗಾಲಿಕುರ್ಚಿ ಡಿಕ್ಕಿಯಲ್ಲಿಟ್ಟು ಎರಡು ಬೆಟ್ಟ: ನಂದಿ, ದೇವರಾಯನದುರ್ಗ

ಅಮ್ಮನಿಗೆ ಎರಡೂ ಮಂಡಿ ಕೈಕೊಟ್ಟಿವೆ. ಮನೆಯೊಳಗೆ ವಾಕರ್, ಹೊರಗೆ ಗಾಲಿಕುರ್ಚಿ. ಬೆಟ್ಟದ ಆಸೆ ಮಾತ್ರ ಹೋಗಿಲ್ಲ. "ನಾನು ಹತ್ತಲ್ಲ ಕಣೋ, ಕಾರು ಹತ್ತಲಿ" ಅಂದಳು. ಮಧುಗಿರಿ, ಸ್ಕಂದಗಿರಿ ಕಾಲಿದ್ದವರಿಗೆ. ಕೋಲಾರದ ಅಂತರಗಂಗೆಗೂ ಮೆಟ್ಟಿಲು ಹತ್ತಬೇಕು. ಉಳಿದದ್ದು ಎರಡು.

ಮೊದಲು ನಂದಿ. ತುಮಕೂರಿನಿಂದ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಹೋದೆವು. ಭಾನುವಾರದ ಜನ ಬೇಡ ಅಂತ ಮಂಗಳವಾರ. 1,478 ಮೀಟರ್ ಎತ್ತರದ ಬೆಟ್ಟ, ಸುತ್ತಿ ಸುತ್ತಿ ಏರುವ ರಸ್ತೆ. ಕಾರು ಓಡಿಸುವವರಿಗೆ ಇದೇ ಹಬ್ಬ. ಅಮ್ಮನ ಕಿವಿ ಗುಂಯ್ ಅಂತು, ಆದರೂ ಕಿಟಕಿ ಏರಿಸಲು ಬಿಡಲಿಲ್ಲ. ಪ್ರತಿ ತಿರುವಿನಲ್ಲೂ ಬಯಲು ಇನ್ನಷ್ಟು ಕೆಳಗಿಳಿಯುತ್ತಿತ್ತು. ಮಜಾ ಅಷ್ಟೇ. ತಿರುವಿನಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ, ಮೇಲೆ ಪಾರ್ಕಿಂಗ್‌ನಲ್ಲಿ ಕೂತರೆ ಕಾಣುವುದು ಬೇರೆಯವರ ಕಾರು. ಟಿಪ್ಪು ಡ್ರಾಪ್ ಅನ್ನುವ ಕಡಿದಾದ ಬಂಡೆಯಂಚು ತೋರಿಸೋಣ ಅಂತ ಕುರ್ಚಿ ತಳ್ಳಿದೆ. ಏರು ಜಾಸ್ತಿ, ನನಗೇ ಏದುಸಿರು. ಅರ್ಧ ದಾರಿಯಲ್ಲಿ ಅಮ್ಮನೇ ಕುರ್ಚಿಯ ಬ್ರೇಕ್ ಹಾಕಿ, "ಸಾಕು ಬಿಡು, ಇಳಿಯುವಾಗ ಕೈಬಿಟ್ಟೀಯ" ಅಂದಳು. ಮಂಜು ಬೇರೆ, ಹತ್ತು ಮಾರು ಆಚೆಗೆ ಏನೂ ಕಾಣುತ್ತಿರಲಿಲ್ಲ.

ನಂದಿ ಪ್ರವಾಸ ಉಳಿಸಿದ್ದು ಬುಡದಲ್ಲಿರುವ ಭೋಗನಂದೀಶ್ವರ ದೇವಸ್ಥಾನ. ಹೊಸ್ತಿಲು ಬಂದಾಗ ಇಬ್ಬರು ಹುಡುಗರು ಕೇಳದೆಯೇ ಕುರ್ಚಿ ಎತ್ತಿಕೊಟ್ಟರು. ಒಳಗಿನ ಅಂಗಳ ಸಪಾಟು. ಅಮ್ಮ ಕಂಬದ ಕೆತ್ತನೆ ಮುಟ್ಟಿ ಮುಟ್ಟಿ ನೋಡಿದಳು.

ದೇವರಾಯನದುರ್ಗ ನಮಗೆ ಹಿತ್ತಲಿದ್ದ ಹಾಗೆ, ಊರಿನಿಂದ ಸುಮಾರು 15 ಕಿಲೋಮೀಟರ್. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಬಿಟ್ಟಿದ್ದೆವು. ನಂದಿಗಿಂತ ಕುಳ್ಳು, ಸುಮಾರು 3,900 ಅಡಿ. ಆದರೆ ದಾರಿಯೇ ಕಾಡು. ಮೊದಲು ನಾಮದ ಚಿಲುಮೆ. ನಾಮ ಇಟ್ಟುಕೊಳ್ಳಲು ನೀರು ಬೇಕಾಗಿ ರಾಮ ಬಂಡೆಗೆ ಬಾಣ ಬಿಟ್ಟ ಅನ್ನುವ ಜಾಗ. ಅಮ್ಮನಿಗೆ ಚಿಲುಮೆಗಿಂತ ಜಿಂಕೆಗಳೇ ಇಷ್ಟವಾದವು.

ರಸ್ತೆ ಇಕ್ಕಟ್ಟು. ಒಂದು ತಿರುವಿನಲ್ಲಿ ಎದುರಿಗೆ ಟಾಟಾ ಏಸ್ ಬಂದು, ರಿವರ್ಸ್ ಹೋಗುವಾಗ ನನ್ನ ಕೈ ಬೆವರಿತು. ಹೊಸದಾಗಿ ಕಾರು ಕಲಿತವರು ನಂದಿಗೇ ಹೋಗಲಿ. ಕೆಳಗೆ ಭೋಗ ನರಸಿಂಹನ ದರ್ಶನ ಮುಗಿಸಿ ಮೇಲೆ ಹೋದೆವು. ಯೋಗ ನರಸಿಂಹನಿಗೆ ಮೆಟ್ಟಿಲಿವೆ, ಅಮ್ಮ ಕಾರಿನಿಂದಲೇ ಕೈಮುಗಿದಳು. ಅದಕ್ಕೆ ಬೇಜಾರಿಲ್ಲ. ಯಾಕೆಂದರೆ ಇಲ್ಲಿ ನೋಟ ಕಾರಿನ ಬಾಗಿಲಿಗೇ ಬರುತ್ತದೆ. ರಸ್ತೆ ಅಗಲವಿದ್ದ ಕಡೆ ನಿಲ್ಲಿಸಿ ಬಾಗಿಲು ತೆಗೆದೆ. ಗುಡ್ಡದ ಮೇಲೆ ಗುಡ್ಡ, ಮಧ್ಯೆ ಬಂಡೆ, ಮುಖಕ್ಕೆ ಗಾಳಿ. ಮುಂದಿನ ಸೀಟಿನಲ್ಲೇ ಅರ್ಧ ಗಂಟೆ ಕೂತಳು.

ಕೂತು ನೋಡುವವರಿಗಾದರೆ ನನ್ನ ಓಟು ದೇವರಾಯನದುರ್ಗಕ್ಕೆ. ಬಾತ್‌ರೂಮಿನ ಕೆಲಸ ಮಾತ್ರ ಊರು ಬಿಡುವ ಮುಂಚೆ ಮುಗಿಸಿಕೊಳ್ಳಿ. ಬಾಗಿಲು ತೆಗೆದಿಟ್ಟರೆ ತಿಂಡಿ ಸೀಟಿನ ಕೆಳಗಿರಲಿ. ನಮ್ಮ ಚಕ್ಕುಲಿ ಪೊಟ್ಟಣವನ್ನು ಕೋತಿಯೊಂದು ಅಮ್ಮನ ಮಡಿಲಿನಿಂದಲೇ ಎತ್ತಿಕೊಂಡು ಹೋಯಿತು. ಅವಳು ನಕ್ಕಷ್ಟು ನಂದಿಯಲ್ಲಿ ನಕ್ಕಿರಲಿಲ್ಲ.